ರಕ್ತದೊತ್ತಡದ ಗುಟ್ಟು ಮೂತ್ರಪಿಂಡದಲ್ಲಿ: ಡಾ. ಆರ್ಥರ್ ಗೈಟನ್ ಅವರ ಸಂಶೋಧನೆಯ ಕಥೆ



ನಿಮ್ಮಲ್ಲಿ ಯಾರಾದರೂ ಮುಂದೆ ಎಂ.ಬಿ.ಬಿ.ಎಸ್. ಸೇರಿದರೆ ಮೊದಲ ವರ್ಷದಲ್ಲೇ ಒಂದು ಹೆಸರು ನಿಮ್ಮ ಕಿವಿಗೆ ಬೀಳುತ್ತದೆ: 'ಗೈಟನ್'. ಹಿರಿಯ ವಿದ್ಯಾರ್ಥಿಗಳು "ಗೈಟನ್ ಓದಿದೆಯಾ?" ಎಂದು ಕೇಳುತ್ತಾರೆ. ಸಾವಿರ ಪುಟಗಳ ಆ ಶರೀರಕ್ರಿಯಾಶಾಸ್ತ್ರದ ಪುಸ್ತಕವನ್ನು ಹೊತ್ತು ತಿರುಗುವ ಎಷ್ಟೋ ಮಂದಿಗೆ ಗೈಟನ್ ಎಂಬುದು ಪುಸ್ತಕದ ಹೆಸರಾಗಿ ಉಳಿದಿದೆಯೇ ಹೊರತು ಮನುಷ್ಯನ ಹೆಸರಾಗಿ ಅಲ್ಲ. ವೈದ್ಯಕೀಯ ಓದದವರೂ ಈ ಮನುಷ್ಯನ ಬಗ್ಗೆ ತಿಳಿದುಕೊಳ್ಳಬೇಕು. ಏಕೆಂದರೆ ಇಂದು ಬಿಪಿ ಮಾತ್ರೆ ಇಲ್ಲದ ಮನೆ ಅಪರೂಪ, ಮತ್ತು ಆ ಬಿಪಿ ಏಕೆ ಏರುತ್ತದೆ, ಏರಿದ್ದು ಏಕೆ ಇಳಿಯುವುದಿಲ್ಲ ಎಂಬ ಪ್ರಶ್ನೆಯ ಬೆನ್ನು ಹತ್ತಿ ಇಡೀ ಜೀವನ ಕಳೆದವರು ಅವರು.

ಮೊದಲ ಹೆಜ್ಜೆಗಳು

ರಕ್ತದೊತ್ತಡವನ್ನು ಮೊದಲು ಅಳೆದವರು ವೈದ್ಯರಲ್ಲ, ಇಂಗ್ಲೆಂಡಿನ ಒಬ್ಬ ಪಾದ್ರಿ. ಸ್ಟೀಫನ್ ಹೇಲ್ಸ್ ಎಂಬ ಈ ವಿಜ್ಞಾನಿ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತು. ಇದನ್ನು ಅವರು 1733ರಲ್ಲಿ ಪ್ರಕಟಿಸಿದರು. ಅದಾಗಿ ನೂರು ವರ್ಷಗಳ ನಂತರ, 1836ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಅವರು ಮೂತ್ರಪಿಂಡದ ಕಾಯಿಲೆಯಿಂದ ಸತ್ತವರಲ್ಲಿ ಅನೇಕರ ಹೃದಯ ದಪ್ಪಗಾಗಿರುವುದನ್ನು ಗುರುತಿಸಿದರು. ಮೂತ್ರಪಿಂಡಕ್ಕೂ ಹೃದಯಕ್ಕೂ ಏನೋ ಸಂಬಂಧವಿದೆ ಎಂಬ ಸುಳಿವು ಅಲ್ಲಿ ಸಿಕ್ಕಿತು.

1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಅವರು ಮೊಲದ ಮೂತ್ರಪಿಂಡದಿಂದ ತೆಗೆದ ರಸದಲ್ಲಿ ರಕ್ತದೊತ್ತಡ ಏರಿಸುವ ವಸ್ತುವೊಂದಿರುವುದನ್ನು ಕಂಡು ಅದಕ್ಕೆ 'ರೆನಿನ್' ಎಂದು ಹೆಸರಿಟ್ಟರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಅವರು ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಕ್ಲಿಪ್ಪಿನಿಂದ ಬಿಗಿದಾಗ ರಕ್ತದೊತ್ತಡ ಏರಿ, ಏರಿದಂತೆಯೇ ಉಳಿಯಿತು.

ಇಷ್ಟೆಲ್ಲ ಆದರೂ ರೋಗಿಗಳಿಗೆ ಪ್ರಯೋಜನವೇನೂ ಆಗಿರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಉದಾಹರಣೆ ನೋಡಿ. 1944ರ ಮಾರ್ಚ್‌ನಲ್ಲಿ ಅವರ ಒತ್ತಡ 186/108 ಇತ್ತು. 1945ರ ಏಪ್ರಿಲ್ 12ರಂದು ಅದು 300/190 ಮುಟ್ಟಿ, ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಜಗತ್ತಿನ ಅತ್ಯಂತ ಶಕ್ತಿಶಾಲಿ ವ್ಯಕ್ತಿಗೂ ಕೊಡಲು ವೈದ್ಯರ ಬಳಿ ಸರಿಯಾದ ಔಷಧ ಇರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಶರೀರಕ್ಕೆ ಅಗತ್ಯವೇ ಇರಬೇಕು ಎಂದು ನಂಬಿದ್ದ ವೈದ್ಯರೂ ಆಗ ಇದ್ದರು.

ಕೈ ತಪ್ಪಿದ ಶಸ್ತ್ರಚಿಕಿತ್ಸೆ

ರೂಸ್‌ವೆಲ್ಟ್ ತೀರಿಕೊಂಡದ್ದು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. 1921ರಲ್ಲಿ ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಅವರೇ ಅಲ್ಲಿ ಪೋಲಿಯೋ ರೋಗಿಗಳಿಗಾಗಿ ಚಿಕಿತ್ಸಾ ಕೇಂದ್ರ ಕಟ್ಟಿಸಿದ್ದರು. ಅವರು ತೀರಿದ ಮರುವರ್ಷವೇ ಇಪ್ಪತ್ತೇಳರ ಹರೆಯದ ಒಬ್ಬ ವೈದ್ಯರು ಪೋಲಿಯೋ ಪೀಡಿತರಾಗಿ ಅದೇ ಕೇಂದ್ರಕ್ಕೆ ಬಂದರು. ಅವರೇ ಆರ್ಥರ್ ಗೈಟನ್.

ಗೈಟನ್ ಹುಟ್ಟಿದ್ದು 1919ರ ಸೆಪ್ಟೆಂಬರ್ 8ರಂದು, ಮಿಸಿಸಿಪ್ಪಿ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ. ತಂದೆ ಕಣ್ಣಿನ ವೈದ್ಯರು. ತಾಯಿ ಚೀನಾದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸಿ ಬಂದವರು. 1943ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ಪಡೆದ ಅವರು ಹೃದಯದ ಶಸ್ತ್ರಚಿಕಿತ್ಸಕರಾಗುವ ಆಸೆಯಿಂದ ಬೋಸ್ಟನ್ನಿನಲ್ಲಿ ತರಬೇತಿಯಲ್ಲಿದ್ದರು. ತರಬೇತಿ ಮುಗಿಯುವ ಹೊತ್ತಿಗೆ, 1946ರಲ್ಲಿ, ಪೋಲಿಯೋ ಬಂತು. ಬಲಗಾಲು, ಎಡಗೈ ಮತ್ತು ಭುಜಗಳು ಸ್ವಾಧೀನ ಕಳೆದುಕೊಂಡವು. ಶಸ್ತ್ರಚಿಕಿತ್ಸಕರಾಗುವ ಬಾಗಿಲು ಶಾಶ್ವತವಾಗಿ ಮುಚ್ಚಿತು.

ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಅವರು ಸುಮ್ಮನೆ ಮಲಗಿರಲಿಲ್ಲ. ಒಂದು ಸಣ್ಣ ಹಿಡಿಯನ್ನು ಬೆರಳಿನಿಂದ ಸರಿಸಿ ನಡೆಸಬಹುದಾದ ಮೋಟಾರು ಗಾಲಿಕುರ್ಚಿ, ರೋಗಿಗಳನ್ನು ಮೇಲೆತ್ತುವ ಯಂತ್ರ, ಕಾಲಿಗೆ ಆಧಾರವಾಗುವ ಕಟ್ಟು, ಇವನ್ನೆಲ್ಲ ವಿನ್ಯಾಸ ಮಾಡಿದರು. ಬಳಿಕ ಹುಟ್ಟೂರಿಗೆ ಮರಳಿ ಅಲ್ಲಿನ ಪುಟ್ಟ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳತೊಡಗಿದರು. 1948ರಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1955ರಲ್ಲಿ ಶಾಲೆ ಜಾಕ್ಸನ್ ನಗರಕ್ಕೆ ಸ್ಥಳಾಂತರವಾಯಿತು. ದೊಡ್ಡ ವಿಶ್ವವಿದ್ಯಾಲಯಗಳ ಕಣ್ಣಿಗೆ ಬೀಳದ ಆ ಬಡ ರಾಜ್ಯದ ಪ್ರಯೋಗಾಲಯ ಮುಂದೆ ಜಗತ್ತಿಗೇ ಪರಿಚಿತವಾಯಿತು.

ಟ್ಯಾಂಕು ಮತ್ತು ಓವರ್‌ಫ್ಲೋ ಪೈಪು

ಗೈಟನ್ ಅವರ ಮುಖ್ಯ ವಿಚಾರವನ್ನು ನಮ್ಮ ಮನೆಯ ಮಹಡಿಯ ಮೇಲಿನ ನೀರಿನ ಟ್ಯಾಂಕಿನಿಂದ ಅರ್ಥ ಮಾಡಿಕೊಳ್ಳಬಹುದು. ಟ್ಯಾಂಕಿಗೆ ಓವರ್‌ಫ್ಲೋ ಪೈಪು ಇರುತ್ತದೆ. ಮೋಟಾರು ಎಷ್ಟು ಹೊತ್ತು ಓಡಿದರೂ ನೀರಿನ ಮಟ್ಟ ಆ ಪೈಪಿನ ಎತ್ತರದಿಂದ ಮೇಲೆ ನಿಲ್ಲಲಾರದು. ಮಟ್ಟ ಏರಿಯೇ ಉಳಿಯಿತು ಎಂದರೆ ಮೋಟಾರನ್ನು ದೂರುವುದಕ್ಕಿಂತ ಮೊದಲು ಪೈಪನ್ನು ನೋಡಬೇಕು.

ಶರೀರದಲ್ಲಿ ಆ ಪೈಪಿನ ಕೆಲಸ ಮಾಡುವುದು ಮೂತ್ರಪಿಂಡ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕ ಘಟಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳಲ್ಲಿ ಸೋಸಿ ಹೋಗುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬಿದ್ದು ಉಳಿದದ್ದು ರಕ್ತಕ್ಕೆ ಮರಳುತ್ತದೆ. ರಕ್ತದೊತ್ತಡ ಸ್ವಲ್ಪ ಏರಿದರೂ ಆರೋಗ್ಯವಂತ ಮೂತ್ರಪಿಂಡ ಹೆಚ್ಚು ಉಪ್ಪು, ಹೆಚ್ಚು ನೀರು ಹೊರಹಾಕುತ್ತದೆ. ರಕ್ತದ ಪ್ರಮಾಣ ಇಳಿದು ಒತ್ತಡ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೋಪ, ಭಯ, ಓಟ ಇವುಗಳಿಂದ ಒತ್ತಡ ಏರಬಹುದು. ಆದರೆ ಮೂತ್ರಪಿಂಡ ಸರಿಯಿದ್ದರೆ ಅದು ವರ್ಷಗಟ್ಟಲೆ ಏರಿಯೇ ಇರಲಾರದು. ಹಾಗೆ ಉಳಿಯಬೇಕಾದರೆ ಮೂತ್ರಪಿಂಡದ ಉಪ್ಪು-ನೀರಿನ ಜಮಾಖರ್ಚು ಹೆಚ್ಚಿನ ಒತ್ತಡದಲ್ಲಿ ಮಾತ್ರ ಸರಿದೂಗುವಂತೆ ಬದಲಾಗಿರಬೇಕು. ಇದೇ ಗೈಟನ್ ಅವರ ವಾದ.

ಇದನ್ನು ಅವರ ತಂಡ ಪ್ರಯೋಗದಲ್ಲಿ ತೋರಿಸಿತು. ನಾಯಿಗಳ ಮೂತ್ರಪಿಂಡಗಳ ಶೇ. 70ರಷ್ಟು ಭಾಗವನ್ನು ತೆಗೆದರು. ನೀರು ಕುಡಿಯುತ್ತಿದ್ದಾಗ ಅವುಗಳ ರಕ್ತದೊತ್ತಡ ಹೆಚ್ಚೇನೂ ಬದಲಾಗಲಿಲ್ಲ. ನೀರಿನ ಬದಲು ಉಪ್ಪುನೀರು ಕೊಟ್ಟಾಗ ಕೆಲವೇ ದಿನಗಳಲ್ಲಿ ಸುಮಾರು 40 ಮಿಲಿಮೀಟರ್ ಏರಿತು. ಮತ್ತೆ ಬರೀ ನೀರು ಕೊಟ್ಟಾಗ ಇಳಿಯಿತು. ಕುಂದಿದ ಮೂತ್ರಪಿಂಡ ಮತ್ತು ಉಪ್ಪು, ಎರಡೂ ಸೇರಿದಾಗ ಅಪಾಯ ಎಂಬುದು ಸ್ಪಷ್ಟವಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಮೊದಲ ದಿನಗಳಲ್ಲಿ ರಕ್ತದ ಪ್ರಮಾಣವೂ ಹೃದಯ ಹೊರಹಾಕುವ ರಕ್ತವೂ ಹೆಚ್ಚಾಗುತ್ತವೆ. ಬಳಿಕ ತಮಗೆ ಬೇಕಾದದ್ದಕ್ಕಿಂತ ಹೆಚ್ಚು ರಕ್ತ ಹರಿಯುವುದನ್ನು ತಡೆಯಲು ಅಂಗಾಂಗಗಳ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಕೆಲವು ವಾರಗಳಲ್ಲಿ ರಕ್ತದ ಪ್ರಮಾಣ ಬಹುಮಟ್ಟಿಗೆ ಮೊದಲಿನಂತಾಗುತ್ತದೆ, ಒತ್ತಡ ಮಾತ್ರ ಇಳಿಯುವುದಿಲ್ಲ. ಆಗ ಪರೀಕ್ಷಿಸಿದ ವೈದ್ಯರಿಗೆ ಕಾಣುವುದು ಕಿರಿದಾದ ರಕ್ತನಾಳಗಳಷ್ಟೇ. ಕಳ್ಳ ಓಡಿಹೋದ ಮೇಲೆ ಬಂದವರು ಅಲ್ಲಿ ನಿಂತವರನ್ನೇ ಹಿಡಿದಂತೆ!

ಇಷ್ಟೊಂದು ಅಂಗಗಳು ಒಂದರ ಮೇಲೊಂದು ಪರಿಣಾಮ ಬೀರುವಾಗ ಬಾಯಿಲೆಕ್ಕ ಸಾಲದು ಎಂದು ಗೈಟನ್ ಗಣಿತದ ಮೊರೆ ಹೋದರು. 1972ರಲ್ಲಿ ಥಾಮಸ್ ಕೋಲ್‌ಮನ್ ಮತ್ತು ಹ್ಯಾರಿಸ್ ಗ್ರೇಂಜರ್ ಅವರೊಂದಿಗೆ ರಕ್ತಪರಿಚಲನೆಯ ಕಂಪ್ಯೂಟರ್ ಮಾದರಿಯೊಂದನ್ನು ಪ್ರಕಟಿಸಿದರು. ಅದರ ನಕ್ಷೆಯಲ್ಲಿ 354 ಚೌಕಗಳಿದ್ದವು. ಪ್ರತಿಯೊಂದೂ ಒಂದು ಅಥವಾ ಹೆಚ್ಚು ಗಣಿತ ಸೂತ್ರಗಳನ್ನು ಪ್ರತಿನಿಧಿಸುತ್ತಿತ್ತು. ಕಂಪ್ಯೂಟರೆಂದರೆ ಒಂದು ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಇದು ದೊಡ್ಡ ಸಾಹಸವೇ ಸರಿ.

ಒಪ್ಪಿದವರು, ಒಪ್ಪದವರು

ಎಲ್ಲರೂ ಗೈಟನ್ ಅವರನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ನರಮಂಡಲವೂ ರಕ್ತನಾಳಗಳೂ ದೀರ್ಘಕಾಲದ ಒತ್ತಡವನ್ನು ನಿರ್ಧರಿಸಬಲ್ಲವು ಎಂಬ ವಾದ ಬಲವಾಗಿಯೇ ಇದೆ. ಆದರೆ ಮೂತ್ರಪಿಂಡದ ಪರವಾದ ಸಾಕ್ಷ್ಯವೂ ಕಡಿಮೆಯಿಲ್ಲ. 1983ರಲ್ಲಿ ಅಮೆರಿಕದಿಂದ ಬಂದ ವರದಿಯೊಂದನ್ನು ಗಮನಿಸಿ. ಅಧಿಕ ರಕ್ತದೊತ್ತಡದಿಂದಲೇ ಮೂತ್ರಪಿಂಡ ಕೆಟ್ಟಿದ್ದ ಆರು ರೋಗಿಗಳಿಗೆ, ಒತ್ತಡದ ತೊಂದರೆಯಿಲ್ಲದವರ ಮೂತ್ರಪಿಂಡ ಕಸಿ ಮಾಡಿದ ಮೇಲೆ ಔಷಧಿಯಿಲ್ಲದೆಯೇ ರಕ್ತದೊತ್ತಡ ಸಹಜವಾಯಿತು, ವರ್ಷಗಳ ನಂತರವೂ ಹಾಗೆಯೇ ಇತ್ತು. ಬಳಿಕ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ಮತ್ತಿತರರು, ಒಂದೇ ಜೀನಿನ ದೋಷದಿಂದ ರಕ್ತದೊತ್ತಡ ಏರುವ ಅಥವಾ ಇಳಿಯುವ ಅಪರೂಪದ ಕಾಯಿಲೆಗಳನ್ನು ಪರಿಶೀಲಿಸಿದಾಗ, ಅವರು ಗುರುತಿಸಿದ ದೋಷಗಳೆಲ್ಲ ಮೂತ್ರಪಿಂಡ ಉಪ್ಪನ್ನು ನಿಭಾಯಿಸುವ ದಾರಿಯಲ್ಲಿಯೇ ಸಿಕ್ಕವು.

ನಿಮ್ಮ ಅಜ್ಜ ಅಜ್ಜಿಯರಿಗೆ ವೈದ್ಯರು ಉಪ್ಪು ಕಡಿಮೆ ಮಾಡಿ ಎನ್ನುವುದರ ಹಿಂದೆ, ಮೂತ್ರ ಹೆಚ್ಚಿಸುವ ಮಾತ್ರೆ ಬರೆದುಕೊಡುವುದರ ಹಿಂದೆ ಈ ವಿಜ್ಞಾನವೇ ಇದೆ.

ಗುರುವಾಗಿ ಗೈಟನ್

ವಿದ್ಯಾರ್ಥಿಗಳಿಗೆ ತಮ್ಮ ಪಾಠದ ಟಿಪ್ಪಣಿ ಹಂಚುತ್ತಿದ್ದ ಗೈಟನ್ 1956ರಲ್ಲಿ ಅದನ್ನು ಪುಸ್ತಕವಾಗಿಸಿದರು. ಇಂಥ ದೊಡ್ಡ ಗ್ರಂಥಗಳನ್ನು ಹತ್ತಾರು ಮಂದಿ ಸೇರಿ ಬರೆಯುವುದು ವಾಡಿಕೆ. ಮೊದಲ ಎಂಟು ಆವೃತ್ತಿಗಳನ್ನು ಅವರೊಬ್ಬರೇ ಬರೆದರು. ಆದ್ದರಿಂದಲೇ ಅದರಲ್ಲಿ ಒಬ್ಬ ಮೇಷ್ಟ್ರು ಎದುರು ಕೂತು ಹೇಳಿದಂಥ ಧಾಟಿಯಿದೆ. ಶಿಷ್ಯ ಜಾನ್ ಹಾಲ್ ಅದನ್ನು ಮುಂದುವರಿಸಿದರು.

ಪತ್ನಿ ರೂತ್ ಅವರೊಂದಿಗೆ ಹತ್ತು ಮಕ್ಕಳನ್ನು ಬೆಳೆಸಿದರು. ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವೈದ್ಯರಾದರು. 2003ರ ಏಪ್ರಿಲ್ 3ರಂದು ಕಾರು ಅಪಘಾತದಲ್ಲಿ ಗೈಟನ್ ತೀರಿಕೊಂಡರು. ಅದೇ ಅಪಘಾತದಲ್ಲಿ ಗಾಯಗೊಂಡ ರೂತ್ ಒಂದು ವಾರದ ನಂತರ ನಿಧನರಾದರು.

ವಿದ್ಯಾರ್ಥಿಗಳೇ, ಗೈಟನ್ ಅವರ ಜೀವನವನ್ನು ಛಲದ ಕಥೆಯಾಗಿ ಮಾತ್ರ ಓದಬೇಡಿ. ಎಲ್ಲರೂ ಹೃದಯವನ್ನೋ ರಕ್ತನಾಳವನ್ನೋ ಬಿಡಿಬಿಡಿಯಾಗಿ ನೋಡುತ್ತಿದ್ದಾಗ ಇವೆಲ್ಲ ಕೂಡಿ ಹೇಗೆ ನಡೆಯುತ್ತವೆ ಎಂದು ಕೇಳಿದ್ದು ಅವರ ದೊಡ್ಡತನ. ಯಾವ ವಿಷಯ ಓದುತ್ತಿದ್ದರೂ ಈ ಪ್ರಶ್ನೆಯನ್ನು ನೀವೂ ಕೇಳಬಹುದು.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಏರಿದ ರಕ್ತದೊತ್ತಡ ಮೂತ್ರಪಿಂಡವನ್ನು ಕೆಡಿಸುತ್ತದೆ, ಕೆಟ್ಟ ಮೂತ್ರಪಿಂಡ ರಕ್ತದೊತ್ತಡವನ್ನು ಮತ್ತಷ್ಟು ಏರಿಸುತ್ತದೆ. ಬಹಳ ಕಾಲ ಇದು ನೋವಿಲ್ಲದೆ, ಸದ್ದಿಲ್ಲದೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಈ ಲೆಕ್ಕದಲ್ಲೇ ಸೇರಿದೆ. ಚೆನ್ನಾಗಿದ್ದೇವೆ ಎಂದುಕೊಂಡು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರೂಸ್‌ವೆಲ್ಟ್ ಅವರಿಗೆ ಸಿಗದ ಔಷಧ ಇಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಅಲ್ಲಿಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.