ಹಾವಿಗೆ ಊಟ ಹಾಕೋರು ಯಾರು?

ನಮ್ಮ ಸುರಪುರ ಸೀಮೆಯಲ್ಲಿ ಹೊಳೆ ನಡುವಿನ ನೆಲಕ್ಕೆ ಗಡ್ಡಿ ಅಂತೀವಿ. ಕೃಷ್ಣೆಯ ನೀಲಕಂಠರಾಯನಗಡ್ಡಿಯ ಹೆಸರನ್ನು ಮಳೆಗಾಲದ ಸುದ್ದಿಯಲ್ಲಿ ನೀವೂ ಕೇಳಿರಬಹುದು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಅಲ್ಲಿನ ಜನಕ್ಕೆ ದಡದ ಸಂಪರ್ಕ ತಪ್ಪಿಹೋಗುತ್ತೆ. ನೀರು ಇಳಿಯೋವರೆಗೂ ಮನೆಯಲ್ಲಿ ಇದ್ದದ್ದೇ ಊಟ. ಇದು ಕೆಲವು ದಿನಗಳ ಮಾತು. ಸಾವಿರಾರು ವರ್ಷ ಹೀಗೇ ಸಿಕ್ಕಿಹಾಕಿಕೊಂಡರೆ ಏನಾಗುತ್ತೆ? ಅದಕ್ಕೆ ಉತ್ತರ ಹಾವುಗಳ ಹತ್ತಿರ ಇದೆ.

ಬ್ರೆಜಿಲ್‌ನ ಸಾವೊ ಪಾಲೊ ಕರಾವಳಿಯಿಂದ 30ಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕೇಮಾಡಾ ಗ್ರಾಂಡೆ ಅನ್ನೋ ಸಮುದ್ರದ ಗಡ್ಡಿ ಇದೆ. ಸುಮಾರು 11,000 ವರ್ಷದ ಹಿಂದೆ, ಹಿಮಯುಗ ಮುಗಿದು ಸಮುದ್ರ ಏರಿದಾಗ ಅದು ದಡದಿಂದ ಬೇರೆಯಾಯ್ತು. ಅಲ್ಲೇ ಉಳಿದ ವಿಷದ ಹಾವುಗಳಿಗೆ ಹಿಡಿಯೋಕೆ ಇಲಿ ಇರಲಿಲ್ಲ, ಇದ್ದದ್ದು ಹಕ್ಕಿ. ದಡದಲ್ಲಿರೋ ಅವುಗಳ ಬಳಗ ಇಲಿಯನ್ನು ಕಚ್ಚಿ ಬಿಟ್ಟು, ಆಮೇಲೆ ವಾಸನೆ ಹಿಡಿದು ಹೋಗಿ ನುಂಗುತ್ತೆ. ಹಕ್ಕಿಯನ್ನು ಹಾಗೆ ಬಿಟ್ಟರೆ ಹಾರಿಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಗಡ್ಡಿಯ ಹಾವು ಕಚ್ಚಿದ ಮೇಲೆ ಬಾಯಿ ಬಿಡಲ್ಲ. ದೊಡ್ಡ ಹಾವುಗಳಿಗೆ ಹಬ್ಬ ಅಂದ್ರೆ ವಲಸೆ ಹಕ್ಕಿ ಬರೋ ಕಾಲ. ಮರಿಗಳು ಜರಿಯಂಥ ಹುಳ ಹಿಡಿದು ಬದುಕುತ್ತವೆ. 1921ರಲ್ಲಿ ಅಫ್ರಾನಿಯೊ ದೊ ಅಮರಾಲ್ ಅನ್ನೋ ವಿಜ್ಞಾನಿ ಇದು ಬೇರೆಯದೇ ಜಾತಿ ಅಂತ ದಾಖಲಿಸಿದರು.

ಅಮೆರಿಕದ ಫ್ಲೋರಿಡಾದ ಸೀಹಾರ್ಸ್ ಕೀ ಗಡ್ಡಿಯ ಕಥೆ ಇನ್ನೂ ವಿಚಿತ್ರ. ಮರದ ಮೇಲೆ ಗೂಡು ಕಟ್ಟಿದ ಹಕ್ಕಿಗಳ ಬಾಯಿಂದ ಜಾರಿ ಬಿದ್ದ ಮೀನೇ ಕೆಳಗಿನ ಕಾಟನ್‌ಮೌತ್ ಹಾವುಗಳ ಊಟ. 2015ರಲ್ಲಿ ಹಕ್ಕಿಗಳೆಲ್ಲ ಒಮ್ಮೆಲೇ ಗಡ್ಡಿ ಬಿಟ್ಟು ಹೋದವು. ಮೇಲಿಂದ ಮೀನು ಬೀಳೋದೂ ನಿಂತಿತು.

ಅಂದ್ರೆ ಹಾವು ಏನು ತಿನ್ನುತ್ತೆ ಅನ್ನೋದನ್ನು ಅದರ ನೆಲ ಮತ್ತು ನೆರೆಹೊರೆ ತೀರ್ಮಾನಿಸುತ್ತವೆ. ನಮ್ಮೂರಿನ ಹಾವಿಗೆ ನೆರೆಹೊರೆ ಯಾರು? ನಾವೇ. ಬಯಲುಸೀಮೆಯಲ್ಲಿ ಜೋಳ ಬೆಳೆದು ಹಗೇವಿನಲ್ಲಿ ತುಂಬಿದವರು ನಾವು. ಕಾಳಿಗೆ ಇಲಿ ಬಂತು, ಇಲಿಗೆ ನಾಗರಹಾವು ಬಂತು. ಶಹಾಪುರದ ಕಡೆ ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾದ ಮೇಲೆ ಕಪ್ಪೆಯೂ ಆ ಊಟಕ್ಕೆ ಸೇರಿತು. ಹಾವು ಮನೆಗೆ ಬಂದರೆ "ಸೇಡು ತೀರಿಸ್ಕೊಳ್ಳೋಕೆ ಬಂತು" ಅಂತಾರೆ. ಅದು ಬಂದಿರೋದು ಊಟಕ್ಕೆ.

ಊಟಕ್ಕೆ ಬಂದ ಹಾವಿಗೆ ನಾವು ಮಾತ್ರ ಹಾಲು ಕೊಡೋಕೆ ಹೋಗ್ತೀವಿ. ಕಲ್ಲಿನ ನಾಗನಿಗೆ ಸಿಗುವ ಉಪಚಾರಕ್ಕೂ ನಿಜವಾದ ಹಾವಿಗೆ ಬೀಳುವ ಪೆಟ್ಟಿಗೂ ಇರುವ ಅಂತರವನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಎತ್ತಿ ತೋರಿಸಿದ್ದರು. ಹಾಲೆರೆಯುವ ಪದ್ಧತಿ ಅಷ್ಟು ಹಳೆಯದು. ಕಲ್ಲಿಗೆ ಎರೆದ ಹಾಲಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಆಗೋದು ಬುಟ್ಟಿಯ ಹಾವಿಗೆ. ಹಾಲು ಹಾವಿನ ಆಹಾರವೇ ಅಲ್ಲ. ಪಂಚಮಿಗೆ ಮುಂಚೆ ವಾರಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಬಾಯಾರಿ ಹಾಲಿಗೂ ಬಾಯಿ ಹಾಕುತ್ತೆ. ಅದು ಜೀರ್ಣ ಆಗಲ್ಲ, ಶ್ವಾಸಕೋಶಕ್ಕೆ ಹೋದರೆ ಹಾವು ಸಾಯುತ್ತೆ. ಹೀಗೆ ಹಾವು ಹಿಡಿದಿಟ್ಟುಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಈ ತಪ್ಪು ತಿಳಿವಳಿಕೆಯ ಬೆಲೆ ಮನುಷ್ಯರಿಗೂ ತಟ್ಟುತ್ತೆ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಅಧ್ಯಯನವೊಂದರ ಅಂದಾಜು. ಹೆಚ್ಚಿನವರು ಹಳ್ಳಿಯವರು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಆದರೆ ಮಂತ್ರ ಹಾಕಿಸೋಕೆ ಹೋದವರ ಲೆಕ್ಕ ಆಸ್ಪತ್ರೆಗೆ ಹೇಗೆ ಸಿಗುತ್ತೆ?

ಬೆಂಗಳೂರಲ್ಲಿ ಕೂತ ನಾವು ಪಂಚಮಿಗೆ ಊರಿಗೆ ಫೋನ್ ಮಾಡಿ ಉಂಡಿ ಎಷ್ಟು ಕಟ್ಟಿದ್ರಿ ಅಂತ ಕೇಳ್ತೀವಿ. ಈ ಸಲ ಇನ್ನೆರಡು ಮಾತು ಸೇರಿಸಿ: "ಅವ್ವಾ, ಜ್ವಾಳದ ಚೀಲ ಎಲ್ಲಿ ಇಟ್ಟಿ? ಅದರ ಬಾಜೂಕ ನೆಲದ ಮ್ಯಾಲ ಯಾರಾದ್ರೂ ಮಲಗ್ತೀರೇನು?" ಹೌದು ಅಂದ್ರೆ ಹಾಸಿಗೆಯನ್ನು ಮಂಚದ ಮೇಲೆ ಹಾಕಿ ಸೊಳ್ಳೆ ಪರದೆ ಕಟ್ಟಲಿಕ್ಕೆ ಹೇಳಿ, ರಾತ್ರಿ ಹೊರಗೆ ಹೋಗೋಕೆ ಒಂದು ಟಾರ್ಚ್ ಕಳಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಇದೆ ಅಂತ ಇವತ್ತೇ ವಿಚಾರಿಸಿಡಿ.