ಕ್ಷಮಿಸಲು ಒಂದು ತಪ್ಪಾದರೂ ಬೇಕು

ಇಬ್ನ್ ಬತೂತಾ ಎಂಬ ಮೊರಾಕ್ಕೋ ದೇಶದ ಪ್ರವಾಸಿ 14ನೆಯ ಶತಮಾನದ ನಡುಭಾಗದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಬಡಿಸಿದ ಅನ್ನ, ತುಪ್ಪ, ಕಾಳುಮೆಣಸು, ಶುಂಠಿ, ಮಾವಿನ ಉಪ್ಪಿನಕಾಯಿಗಳನ್ನೆಲ್ಲ ಅವನು ಬಾಯಿ ಚಪ್ಪರಿಸಿ ಬರೆದಿದ್ದಾನೆ. ಊರಿನ ಹೆಂಗಸರು ಮೂಗಿಗೆ ಚಿನ್ನದ ಬಳೆ ಇಡುತ್ತಾರೆ, ಕುರಾನನ್ನು ಬಾಯಿಪಾಠವಾಗಿ ಬಲ್ಲರು, ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇವೆ ಎಂದು ಲೆಕ್ಕ ಕೊಟ್ಟಿದ್ದಾನೆ. ನಾನು ತರಗತಿಯಲ್ಲಿ ಇದನ್ನು ಓದಿ ಹೇಳಿದಾಗಲೆಲ್ಲ ಹುಡುಗಿಯರು ಹುಡುಗರ ಕಡೆ ತಿರುಗಿ ನೋಡುತ್ತಿದ್ದರು.

ಬಂದವನಿಗೆ ಊಟ ಹಾಕಿ, ಮಾತಾಡಿಸಿ, ಹೋಗುವಾಗ ಹಡಗು ಹತ್ತಿಸುವುದು ಈ ಕರಾವಳಿಯ ಹಳೆಯ ಚಾಳಿ. ಇಲ್ಲಿ ಬಂದವರೇ ಹೆಚ್ಚು. ಅರಬ್ ವ್ಯಾಪಾರಿಗಳ ಪರಂಪರೆಯವರೆಂದು ಹೇಳಿಕೊಳ್ಳುವ ಭಟ್ಕಳದ ನವಾಯತರು, ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ದೇವರ ಪೆಟ್ಟಿಗೆ ಹೊತ್ತು ಬಂದ ಸಾರಸ್ವತರು, ಅದೇ ಗೋವೆಯಿಂದ ಬಂದ ಕ್ರೈಸ್ತರು. ಕುಮಟೆಯ ರಥಬೀದಿಯಲ್ಲಿ ನಿಂತು ಕುಲದೇವರು ಎಲ್ಲಿ ಎಂದು ಕೇಳಿದರೆ ಇವತ್ತಿಗೂ ಎಷ್ಟೋ ಮನೆಯವರು ಬಡಗು ದಿಕ್ಕಿಗೇ ಕೈ ತೋರಿಸುತ್ತಾರೆ. ನಾನು ಕುಮಟೆಯಲ್ಲಿ ಹುಟ್ಟಿ, ಹೊನ್ನಾವರಕ್ಕೆ ಸೊಸೆಯಾಗಿ ಬಂದು, ದಿನವೂ ಬಸ್ಸು ಹಿಡಿದು ಭಟ್ಕಳದ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಮೂರು ತಾಲೂಕು ದಾಟಿದ ನನ್ನನ್ನು ಬಸ್ಸಿನ ಟಿಕೆಟ್ಟು ಬಿಟ್ಟರೆ ಬೇರೆ ಕಾಗದ ಯಾರೂ ಕೇಳಿದ್ದಿಲ್ಲ.

ಕಾಗದ ಕೇಳುವ ಪದ್ಧತಿ ನಮ್ಮ ಕಡಲಿಗೆ ಬಂದದ್ದು ಪೋರ್ಚುಗೀಸರಿಂದ. 16ನೆಯ ಶತಮಾನದಲ್ಲಿ ಅವರು ‘ಕರ್ತಾಝ್’ ಎಂಬ ರಹದಾರಿ ಪತ್ರ ತಂದರು. ಹಡಗಿನ ಹೆಸರು, ನಾವಿಕನ ಹೆಸರು, ಯಾವ ಸರಕು ಹೇರಬಾರದು ಎಲ್ಲ ಅದರಲ್ಲಿ ಇರಬೇಕು. ಅದಿಲ್ಲದ ಹಡಗು ಸಿಕ್ಕಿದರೆ ಸರಕು ಸಮೇತ ವಶ. ತಲೆತಲಾಂತರದಿಂದ ಅದೇ ನೀರಿನ ಮೇಲೆ ಓಡಾಡಿದವರು ನಿನ್ನೆ ಬಂದವರಿಂದ ಅಪ್ಪಣೆ ಚೀಟಿ ತೆಗೆದುಕೊಳ್ಳಬೇಕಾಯಿತು. ಕಪ್ಪ ಸರಿಯಾಗಿ ಸಂದಿಲ್ಲವೆಂದು 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜಾ ಭಟ್ಕಳವನ್ನೇ ಸುಟ್ಟ. ಆಗ ಅಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ. ಕರ್ತಾಝ್ ಕೂಡ ಕಾಯಿದೆಯೇ, ಸಹಿ ಮುದ್ರೆ ಎಲ್ಲ ಇದ್ದ ಕಾಯಿದೆ. ಬರೆದು ಮುದ್ರೆ ಒತ್ತಿದ್ದೆಲ್ಲ ನ್ಯಾಯವಾಗುವುದಿಲ್ಲ ಎಂಬುದಕ್ಕೆ ಮಕ್ಕಳಿಗೆ ನಾನು ಇದೇ ಉದಾಹರಣೆ ಕೊಡುತ್ತಿದ್ದೆ.

ನಮ್ಮ ಕಾಲದ ಕಾಗದ ಶುರುವಾದದ್ದು ದೇಶ ಒಡೆದ ಮೇಲೆ. ಮುಂಬಯಿ ಕರಾಚಿಗಳ ನಡುವೆ ವ್ಯಾಪಾರಕ್ಕೆ ಓಡಾಡುತ್ತಿದ್ದವರಿಗೆ 1947ರ ಆಗಸ್ಟಿನಲ್ಲಿ ಆ ಎರಡು ಊರುಗಳು ಎರಡು ದೇಶದವಾದವು. ಭಟ್ಕಳದ ಮನೆತನಗಳ ಕೆಲವು ಕವಲುಗಳು ಆ ಕಡೆ ಉಳಿದುಕೊಂಡವು. 1948ರ ಜುಲೈನಿಂದ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯವಾಯಿತು. 1952ರ ಅಕ್ಟೋಬರಿನಲ್ಲಿ ಅದು ಪಾಸ್‌ಪೋರ್ಟು ವೀಸಾ ಆಯಿತು. 1947ರ ಮಾರ್ಚ್ 1ರ ನಂತರ ಆ ಕಡೆ ವಲಸೆ ಹೋದವರು, ಮರಳಿ ನೆಲೆಸುವ ಪರ್ಮಿಟ್ ಪಡೆದು ಬಂದ ಹೊರತು, ಭಾರತದ ಪೌರರಲ್ಲ ಎಂದು ಸಂವಿಧಾನದ 7ನೆಯ ವಿಧಿ ಹೇಳಿತು.

ಈ ವಿಧಿ ಹೆಂಗಸರಿಗೆ ಹೇಗೆ ತಗಲಿತೆಂದು ತಿಳಿಯಲು 1955ರ ಒಂದು ತೀರ್ಪು ಸಾಕು. ಬಿಹಾರದ ಜಮೀನ್ದಾರಿ ಮನೆತನದವರ ಪತ್ನಿ ಎಂದು ಹೇಳಿಕೊಂಡಿದ್ದ ಒಬ್ಬ ಹೆಂಗಸು 1948ರ ಜುಲೈನಲ್ಲಿ ಕರಾಚಿಗೆ ಹೋದರು, ತಾತ್ಕಾಲಿಕ ಪರ್ಮಿಟ್ಟಿನಲ್ಲಿ ಬಂದರು, ಮತ್ತೆ ಹೋದರು, ಮತ್ತೆ ಬಂದರು. ಗಂಡನ ನೆಲೆ ಭಾರತ, ಹೆಂಡತಿಯ ನೆಲೆಯೂ ಅದೇ ಎಂಬುದು ಅವರ ಪರವಾದ ವಾದ. ಆ ವಾದ ಒಪ್ಪಿದರೂ 7ನೆಯ ವಿಧಿಯ ಮುಂದೆ ಅದು ನಿಲ್ಲದು ಎಂದು ಸುಪ್ರೀಂ ಕೋರ್ಟು ಹೇಳಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಂದ ಹೆಣ್ಣು ಒಳಗೆಂದು ಹೇಳಲು ಮಾತ್ರ ಕಾನೂನು ಹತ್ತು ಸಲ ಯೋಚಿಸುತ್ತದೆ.

ಬಂಧುತ್ವ ಗಡಿಯ ಗೆರೆ ನೋಡಿ ನಿಲ್ಲುವಂಥದ್ದಲ್ಲವಲ್ಲ. ಆ ಕಡೆಗೂ ಈ ಕಡೆಗೂ ಹೆಣ್ಣು ಕೊಟ್ಟು ತರುವುದು ನಡೆದೇ ಇತ್ತು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಹಾಗೆ 2004ರಲ್ಲಿ ಅಟ್ಟಾರಿಯ ರೈಲಿಳಿದು ಬಂದವರು. ಅವರ ಕನ್ನಡ ಮಗಳ ಪಠ್ಯಪುಸ್ತಕದಿಂದ ಕಲಿತದ್ದು, ಹಾಗಾಗಿ ನಮ್ಮ ಬೀದಿ ಕನ್ನಡಕ್ಕಿಂತ ಶುದ್ಧ. ಭಾರತದಲ್ಲಿ ಮದುವೆಯಾದ ಪಾಕಿಸ್ತಾನಿ ಹೆಂಗಸರಿಗೆ ದೀರ್ಘಾವಧಿ ವೀಸಾ ಸಿಗುತ್ತದೆ. ಅವಧಿ ಮುಗಿಯುವ ಮೊದಲೇ ಮತ್ತೆ ಅರ್ಜಿ ಹಾಕಬೇಕು. ವೀಸಾದಲ್ಲಿ ಬರೆದ ಜಾಗ ಬಿಟ್ಟು ಹೋಗಲು ಅನುಮತಿ ಬೇಕು. ನಮಗೆ ಮಣಿಪಾಲದ ಆಸ್ಪತ್ರೆ ಎಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ. ಅವರಿಗೆ ಅದು ಬೇರೆ ಜಿಲ್ಲೆ. ಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನಲ್ಲಿ ಗ್ಯಾಸು, ಹಾಲು, ಹಬ್ಬಗಳ ಗುರುತಿನ ಜೊತೆಗೆ ಕೆಂಪು ಶಾಯಿಯ ಒಂದು ತಾರೀಕು ಯಾವಾಗಲೂ ಇರುತ್ತಿತ್ತು.

ಒಂದು ವರ್ಷ ಆ ತಾರೀಕು ದಾಟಿತು. ಗಂಡ ದುಬೈಯಲ್ಲಿ, ಅತ್ತೆ ಹಾಸಿಗೆ ಹಿಡಿದಿದ್ದರು. ಅರ್ಜಿ ಹಾಕುವಾಗ 19 ದಿನ ತಡ. ದಂಡ ಕಟ್ಟಿಸಿಕೊಂಡು ವೀಸಾ ಮುಂದುವರಿಸಿದರು. ಆದರೆ ಆ 19 ದಿನ ಅವರ ಮನಸ್ಸಿನಿಂದ ಹೋಗಲೇ ಇಲ್ಲ. ನಾಳೆ ಪೌರತ್ವದ ಅರ್ಜಿಯ ಮುಂದೆ ಅದು ಎದ್ದು ನಿಂತರೆ? ಒಮ್ಮೆ ಪೋಷಕರ ಸಭೆ ಮುಗಿದ ಮೇಲೆ ಹಿಂದೆ ಉಳಿದು ಕೇಳಿದರು: “ಅಕ್ಕೋರೇ, ಕೊಲೆ ಮಾಡಿದವರಿಗೂ ರಾಷ್ಟ್ರಪತಿಗಳು ಮಾಫಿ ಕೊಡ್ತಾರಂತೆ. ನನ್ನ 19 ದಿವಸಕ್ಕೆ ಕೊಡೂದಿಲ್ವಾ? ಒಂದು ಕಾಗದ ಬರೆದು ಕೊಡ್ತೀರಾ?”

ಸಂವಿಧಾನದ 72ನೆಯ ವಿಧಿ ರಾಷ್ಟ್ರಪತಿಗೂ 161ನೆಯ ವಿಧಿ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರ ಕೊಟ್ಟಿವೆ. ಇದು ರಾಜರ ಕಾಲದ ಪಳೆಯುಳಿಕೆಯಂತೆ ಕಾಣುತ್ತದೆ, ಆದರೆ ನಮ್ಮಲ್ಲಿ ಅದು ಪೂರ್ತಿ ರಾಜರ ದಯೆಯಾಗಿ ಉಳಿದಿಲ್ಲ. ನಾನಾವತಿಯ ಮೊಕದ್ದಮೆ ನಮ್ಮ ತಾಯಂದಿರ ತಲೆಮಾರು ಕಾದಂಬರಿಯಂತೆ ಓದಿದ್ದು. 1960ರಲ್ಲಿ ಹೈಕೋರ್ಟು ಆ ನೌಕಾಪಡೆಯ ಅಧಿಕಾರಿಗೆ ಜೀವಾವಧಿ ಶಿಕ್ಷೆ ಕೊಟ್ಟ ದಿನವೇ ಮುಂಬಯಿ ರಾಜ್ಯಪಾಲರು ಶಿಕ್ಷೆಯನ್ನು ತಡೆಹಿಡಿದರು. ಮೇಲ್ಮನವಿ ನಮ್ಮ ಮುಂದಿರುವಾಗ ಹೀಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ರಾಜ್ಯಪಾಲರನ್ನೂ ಬಿಡಲಿಲ್ಲ. ಕ್ಷಮೆ ಕೊನೆಗೆ 1964ರಲ್ಲಿ ಸಿಕ್ಕಿತು, ಅದು ಬೇರೆ ಮಾತು. ರಾಷ್ಟ್ರಪತಿಗಳು ತಮ್ಮ ಮನಸ್ಸಿಗೆ ತೋಚಿದಂತಲ್ಲ, ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂದು 1980ರಲ್ಲಿ ತೀರ್ಪಾಯಿತು. ಜಾತಿ, ಧರ್ಮ, ರಾಜಕೀಯ ನೋಡಿ ಕೊಟ್ಟ ಕ್ಷಮೆಯನ್ನು ರದ್ದು ಮಾಡಬಹುದೆಂದು 2006ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ತೋರಿಸಿಯೂ ಕೊಟ್ಟರು. ದಯೆಗೂ ನಾವು ಕಟ್ಟೆ ಕಟ್ಟಿದ್ದೇವೆ.

ಅಮೆರಿಕದಲ್ಲಿ ಆ ಕಟ್ಟೆ ತುಂಬ ತಗ್ಗು. ಅರಿಜೋನಾದ ಜೋ ಅರ್ಪಾಯೊ ಎಂಬ ಶೆರಿಫ್, ಅಂದರೆ ನಮ್ಮ ಪೊಲೀಸು ಮುಖ್ಯಸ್ಥರಂಥವರು, ಅಕ್ರಮ ವಲಸಿಗರೆಂಬ ಗುಮಾನಿಯ ಮೇಲಷ್ಟೇ ಜನರನ್ನು ಹಿಡಿದಿಡುತ್ತಿದ್ದರು. ನ್ಯಾಯಾಲಯ ಬೇಡವೆಂದು ಆಜ್ಞೆ ಮಾಡಿದರೂ ಬಿಡಲಿಲ್ಲ. 2017ರಲ್ಲಿ ನ್ಯಾಯಾಂಗ ನಿಂದನೆಯ ಅಪರಾಧ ಸಾಬೀತಾಯಿತು; ಶಿಕ್ಷೆ ಪ್ರಕಟವಾಗುವ ಮೊದಲೇ ಅಧ್ಯಕ್ಷ ಟ್ರಂಪ್ ಕ್ಷಮಿಸಿದರು. ವಲಸೆ ಕಾಯಿದೆ ಜಾರಿ ಮಾಡುವವನಿಗೆ ಕ್ಷಮೆ ಸಿಕ್ಕಿತು. ಅವನ ಕೈಗೆ ಸಿಕ್ಕವರಿಗೆ?

ಗಡಿಯ ಸುದ್ದಿಯಲ್ಲಿ ಕ್ಷಮೆ ಒಳ್ಳೆಯ ಕೆಲಸ ಮಾಡಿದ್ದೂ ಉಂಟು. ಪಾಕಿಸ್ತಾನದ ಜೈಲಿನಲ್ಲಿ 27 ವರ್ಷ ಕಳೆದ ಪಂಜಾಬಿನ ಗೋಪಾಲ ದಾಸ್ ಅವರ ಬಿಡುಗಡೆಗೆ 2011ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆಜ್ಞೆ ಮಾಡಲಾರದೆ ವಿನಂತಿ ಮಾಡಿತು. ಅಲ್ಲಿನ ಅಧ್ಯಕ್ಷ ಜರ್ದಾರಿ ಉಳಿದ ಶಿಕ್ಷೆ ಮನ್ನಾ ಮಾಡಿದರು. ಈ ಕಥೆ ಹೇಳಿದಾಗ ಆ ತಾಯಿಯ ಮುಖ ಅರಳಿತು. ಮುಂದಿನ ಮಾತು ಹೇಳುವುದು ನನಗೆ ಕಷ್ಟವಾಯಿತು.

ಏನೆಂದರೆ, ಮಾಫಿ ಬೇಕಾದರೆ ಮೊದಲು ಶಿಕ್ಷೆಯಾಗುವ ಅಪರಾಧ ಬೇಕು. ಅವರು ಅಪರಾಧಿಯಲ್ಲ. ಮದುವೆಯಾದರು, ಮನೆ ನೋಡಿಕೊಂಡರು, ಅರ್ಜಿ ತಡವಾಯಿತು. ವಿದೇಶೀಯರನ್ನು ಹೊರಗೆ ಕಳಿಸುವುದು ಕಾನೂನಿನ ಕಣ್ಣಲ್ಲಿ ಶಿಕ್ಷೆಯೇ ಅಲ್ಲ, ಸರ್ಕಾರದ ಆಡಳಿತದ ಒಂದು ಕ್ರಮ. ಹಾನ್ಸ್ ಮುಲ್ಲರ್ ಎಂಬ ಜರ್ಮನ್ ವ್ಯಕ್ತಿಯ ಮೊಕದ್ದಮೆಯಲ್ಲಿ, 1955ರಲ್ಲೇ, ಹೊರಹಾಕುವ ಆ ಅಧಿಕಾರಕ್ಕೆ ಮಿತಿಯಿಲ್ಲ ಎಂದು ತೀರ್ಪಾಗಿದೆ. ಶಿಕ್ಷೆಯಲ್ಲದ್ದಕ್ಕೆ 72ನೆಯ ವಿಧಿ ಮುಟ್ಟುವುದಿಲ್ಲ. ಕೊಂದವನಿಗೆ ರಾಷ್ಟ್ರಪತಿ ಭವನದಲ್ಲಿ ಒಂದು ಬಾಗಿಲಿದೆ, ಗೆರೆ ದಾಟಿ ಸೊಸೆಯಾಗಿ ಬಂದವಳಿಗೆ ಆ ಬಾಗಿಲಿಲ್ಲ.

ಅವರಿಗಿರುವ ದಾರಿ ಪೌರತ್ವ ಕಾಯಿದೆಯದು: ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸವಿದ್ದರೆ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ 2003ರಲ್ಲಾಗಿ 2004ರ ಡಿಸೆಂಬರ್ 3ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ‘ಅಕ್ರಮ ವಲಸಿಗ’ರಿಗೆ ಈ ನೋಂದಣಿ ಇಲ್ಲ. ಅಕ್ರಮ ವಲಸಿಗ ಎಂದರೆ ಬೇಲಿ ಹಾರಿ ಬಂದವನು ಮಾತ್ರವಲ್ಲ, ಸರಿಯಾದ ಕಾಗದದಲ್ಲಿ ಬಂದು ಅವಧಿ ಮೀರಿ ಉಳಿದವನೂ ಹೌದು. ಇನ್ನೊಂದು ಮಾತು ತಾಯಂದಿರು ಗಮನಿಸಬೇಕಾದದ್ದು. ಆ ದಿನದ ನಂತರ ಇಲ್ಲಿ ಹುಟ್ಟಿದ ಮಗುವಿನ ತಂದೆ ಭಾರತೀಯನೇ ಆಗಿದ್ದರೂ, ಹೆರಿಗೆಯ ದಿನ ತಾಯಿ ಅಕ್ರಮ ವಲಸಿಗಳೆನಿಸಿದ್ದರೆ ಮಗು ಹುಟ್ಟಿನಿಂದ ಪೌರನಲ್ಲ. ಈ ಹುಡುಗಿ ಹುಟ್ಟಿದ್ದು 2006ರಲ್ಲಿ, ತಾಯಿಯ ವೀಸಾ ಸರಿಯಿದ್ದಾಗ. ಆ 19 ದಿನಗಳಲ್ಲಿ ಹುಟ್ಟಿದ್ದರೆ? 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾ, ಆಫ್ಘಾನಿಸ್ತಾನಗಳಿಂದ 2014ರೊಳಗೆ ಬಂದ ಆರು ಧರ್ಮದವರನ್ನು ಈ ಅಕ್ರಮದ ಹಣೆಪಟ್ಟಿಯಿಂದ ಬಿಡಿಸಿತು. ಆ ಆರರಲ್ಲಿ ಇವರ ಧರ್ಮವಿಲ್ಲ.

ನಮ್ಮ ಮನೆಯವರು ಇದನ್ನೆಲ್ಲ ಒಪ್ಪುವವರಲ್ಲ. ಕಂದಾಯ ಇಲಾಖೆಯಲ್ಲಿ ಸವೆದ ಜೀವ. “ಬಾಗಿಲಿಲ್ಲದ ಮನೆ ಇರ್ತದೇನೇ? ಯಾರು ಬಂದರು, ಯಾರು ಹೋದರು ಅಂತ ಬರೆದಿಡಬೇಡವೇ?” ಎಂದು ಕೇಳುತ್ತಾರೆ. ಕಳ್ಳದಾರಿಯಲ್ಲಿ ಬಂದು ಸುಳ್ಳು ಕಾಗದ ಮಾಡಿಸಿದ ಪ್ರಕರಣಗಳು ಭಟ್ಕಳದಲ್ಲೂ ಆಗಿವೆ, ಊರಿನ ಹೆಸರು ಹೊತ್ತವರು ಬಾಂಬಿನ ಮೊಕದ್ದಮೆಗಳಲ್ಲಿ ಸಿಕ್ಕಿಬಿದ್ದದ್ದೂ ನಿಜ. ಬಾಗಿಲು ಬೇಕು, ಒಪ್ಪಿದೆ. ನನ್ನ ತಕರಾರು ಬಾಗಿಲಿನ ಮೇಲಲ್ಲ. 19 ದಿನದ ತಡಕ್ಕೂ ಸುಳ್ಳು ಕಾಗದಕ್ಕೂ ಒಂದೇ ಹೆಸರಿಡುವುದು, ತಡವನ್ನು ಮನ್ನಿಸಿದರೂ ಅದನ್ನು ಹಕ್ಕಾಗಿ ಬರೆದುಕೊಡದೆ ಪ್ರತಿಸಲ ಉಪಕಾರವಾಗಿ ಉಳಿಸಿಕೊಳ್ಳುವುದು, ಇದು ನನಗೆ ಸರಿಯೆನಿಸುವುದಿಲ್ಲ. ಗಲ್ಲಿಗೆ ಕಾದವನ ಅರ್ಜಿಗೆ ಹೇಗೆ ವಿಚಾರ ಮಾಡಬೇಕೆಂದು ನ್ಯಾಯಾಲಯಗಳು ದಾರಿ ಹಾಕಿಕೊಟ್ಟಿವೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ, ಪೌರರಲ್ಲದವರ ಜೀವವನ್ನೂ ಕಾಯಬೇಕು, ಅವರ ಪೌರತ್ವದ ಅರ್ಜಿಯನ್ನು ಕೇಂದ್ರಕ್ಕೆ ಕಳಿಸದೆ ಒತ್ತಿಹಿಡಿಯಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನಿನ ಆಳ್ವಿಕೆ ಎಂದರೆ ನನ್ನ ಮಟ್ಟಿಗೆ ಅಂಥದ್ದು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಪ್ರವಾಸಿಗರ ಕೊಲೆಯಾಯಿತು. ಹೆಂಡಂದಿರ ಕಣ್ಣೆದುರೇ ಗಂಡಂದಿರನ್ನು ಕೊಂದರು. ನಮ್ಮ ರಾಜ್ಯದ ಮನೆಗಳಿಗೂ ಆ ಸೂತಕ ಬಂತು. ಎರಡು ಮೂರು ದಿನಗಳಲ್ಲಿ ಪಾಕಿಸ್ತಾನಿಗಳ ವೀಸಾ ರದ್ದು, 27ರೊಳಗೆ ಹೊರಡಿ ಎಂಬ ಆಜ್ಞೆ. ಟೀವಿಯಲ್ಲಿ ಅಟ್ಟಾರಿ ಗೇಟಿನ ಮುಂದೆ ಮಕ್ಕಳನ್ನು ಎತ್ತಿಕೊಂಡು ನಿಂತ ಹೆಂಗಸರು. ಭಟ್ಕಳದಲ್ಲಿ ಈ ತಾಯಿ ಬಟ್ಟೆ ತುಂಬಿದ ಒಂದು ಸೂಟ್‌ಕೇಸನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದರಂತೆ. ಭಾರತೀಯರನ್ನು ಮದುವೆಯಾಗಿ ದೀರ್ಘಾವಧಿ ವೀಸಾದಲ್ಲಿರುವ ಹೆಂಗಸರಿಗೆ ಈ ಆಜ್ಞೆ ತಗಲದು ಎಂದು ಆಮೇಲೆ ಗೊತ್ತಾಯಿತು. “ತಗಲೂದಿಲ್ಲ ಅಂದ್ರು, ಆದ್ರೂ ಪೆಟ್ಟಿಗೆ ಬಿಚ್ಚೋಕೆ ಅಮ್ಮ ಬಿಡ್ಲಿಲ್ಲ ಅಕ್ಕೋರೇ” ಎಂದಳು ಮಗಳು ಫೋನಿನಲ್ಲಿ.

ಅದೇ ವರ್ಷ ಸೆಪ್ಟೆಂಬರ್ 1ರಿಂದ 1920ರ, 1939ರ, 1946ರ ಬ್ರಿಟಿಷರ ಕಾಯಿದೆಗಳನ್ನು ತೆಗೆದುಹಾಕಿ ವಲಸೆ ಮತ್ತು ವಿದೇಶೀಯರ ಹೊಸ ಕಾಯಿದೆ ಜಾರಿಗೆ ಬಂತು. ಅದರಲ್ಲಿ ದಂಡ, ಜೈಲು, ಹೊರಹಾಕುವಿಕೆ ಎಲ್ಲ ಒಂದೇ ಕಡೆ ಸೇರಿವೆ. ನಾನು ಆ ತಾಯಿಗೆ ರಾಷ್ಟ್ರಪತಿಗಳ ಹೆಸರಿಗೆ ಕಾಗದ ಬರೆದುಕೊಡಲಿಲ್ಲ. ಪೌರತ್ವದ ಅರ್ಜಿಯ ಜೊತೆ ಲಗತ್ತಿಸಲು, 19 ದಿನ ಏಕೆ ತಡವಾಯಿತೆಂದು ಎರಡು ಪುಟದ ವಿವರ ಬರೆದುಕೊಟ್ಟೆ. ಅತ್ತೆಯ ಆಸ್ಪತ್ರೆಯ ಚೀಟಿ, ದಂಡ ಕಟ್ಟಿದ ರಸೀದಿ ಎರಡನ್ನೂ ಅದಕ್ಕೆ ಪಿನ್ನು ಹಾಕಿದೆವು. ಕ್ಷಮಿಸಬೇಕು ಎಂದು ಕೊನೆಗೊಂದು ಸಾಲು ಸೇರಿಸಲು ಅವರು ಹೇಳಿದರು. ನಾನು ಸೇರಿಸಲಿಲ್ಲ, ಪರಿಗಣಿಸಬೇಕು ಎಂದು ಬರೆದೆ.