ಮೋಟರು ಗಾಲ್ಯಾಗೋ, ಪೆಡಲ್ ಹತ್ರಾನೋ?

ಕರೆಂಟಿನ ಸೈಕಲ್ಲು ಅಂದ್ರ ನಿನ್ನೆ ಮೊನ್ನೆ ಚೀನಾದಿಂದ ಬಂದದ್ದು ಅಂತ ನಮ್ಮಲ್ಲೆ ಭಾಳ ಮಂದಿ ತಿಳಕೊಂಡಾರ. ಹಂಗಲ್ಲರೀ. ನಮ್ಮ ಅಜ್ಜಿಯ ಅಜ್ಜಿ ಚಕ್ಕಡ್ಯಾಗ ಕೂತು ತವರಿಗೆ ಹೋಗೋ ಕಾಲಕ್ಕೇ, 1895ನೇ ಇಸ್ವಿ ಡಿಸೆಂಬರ್ 31ಕ್ಕ, ಅಮೆರಿಕಾದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನ ಆಗ್ಡೆನ್ ಬೋಲ್ಟನ್ ಅನ್ನಾಂವ ಇದಕ್ಕ ಪೇಟೆಂಟ್ ತಗೊಂಡಾನ. ಮತ್ತ ಎರಡು ವರ್ಷಕ್ಕ, 1897ರ ಡಿಸೆಂಬರಿನಾಗ, ಬಾಸ್ಟನ್ನಿನ ಹೋಸಿಯಾ ಲಿಬ್ಬಿ ಅನ್ನಾಂವ ಇನ್ನೊಂದು ತಗೊಂಡ. ಬೋಲ್ಟನ್ ಮೋಟರನ್ನ ಹಿಂದಿನ ಗಾಲಿ ನಟ್ಟ ನಡುವ ಇಟ್ಟಿದ್ದ. ಲಿಬ್ಬಿ ಪೆಡಲ್ ತಿರಗೋ ಅಚ್ಚಿನಾಗ ಜೋಡಿ ಮೋಟರ್ ಇಟ್ಟ. ಇವತ್ತ ಹಳೇ ಸೈಕಲ್ಲಿಗೆ ಮೋಟರ್ ಕೂಡಸ್ಬೇಕು ಅಂತ ಅಂಗಡಿಗೆ ಹೋದ್ರ ಅವರು ಕೇಳೋ ಮೊದಲನೇ ಮಾತೂ ಇದೇ: ಹಬ್ ಮೋಟರ್ ಬೇಕೋ, ಮಿಡ್ ಡ್ರೈವ್ ಬೇಕೋ? ಅಂದ್ರ ಬೋಲ್ಟನ್ ಹಾದಿಯೋ, ಲಿಬ್ಬಿ ಹಾದಿಯೋ. ನೂರಾ ಇಪ್ಪತ್ತೈದು ವರ್ಷದ ಮ್ಯಾಲೂ ಜಗಳ ಮುಗದಿಲ್ಲ.

ನಾ ಇದನ್ನೆಲ್ಲಾ ಓದಲಿಕ್ಕೆ ಹತ್ತಿದ್ದು ನಮ್ಮ ವೈನಿ ಸಲುವಾಗಿ. ಅವರಿಗೆ ಈಗ ಐವತ್ತನಾಕು. ಧಾರವಾಡದಾಗ ಮೂವತ್ತು ವರ್ಷ ಸೈಕಲ್ ಮ್ಯಾಲೇ ಶಾಲಿಗೆ ಹೋಗಿ ಬಂದವರು. ಹುಬ್ಬಳ್ಳಿ ಮಂದಿಗೆ ಇದರ ಕಷ್ಟ ಗೊತ್ತಾಗಂಗಿಲ್ಲ, ಅದು ಸಪಾಟ ಊರು. ಧಾರವಾಡ ಅಂದ್ರ ಒಂದು ದಿನ್ನಿ ಹತ್ತು, ಇನ್ನೊಂದು ಇಳಿ. ಈಗ ಮೊಣಕಾಲು ಅವರ ಮಾತು ಕೇಳವಲ್ಲವು. ಸ್ಕೂಟಿ ಕಲಿಯಂಗಿಲ್ಲ ಅಂತ ಖಡಾಖಡಿ ಹೇಳ್ಯಾರ. ಸೈಕಲ್ ಬಿಟ್ರ ಉಳಿಯೋದು ಆಟೋದವನ ಹಾದಿ ಕಾಯೋದು, ಇಲ್ಲಾ ಮಗ ಪುರಸೊತ್ತು ಆಗಿ ಬಿಡ್ತೀನಿ ಅನ್ನೋತನಕ ಪಡಸಾಲ್ಯಾಗ ಕೂಡೋದು. ಮಗ ಕಿಟ್ ತರಸ್ತೀನಿ ಅಂದಾನ. ಯಾವುದು ತರಸ್ಬೇಕು ಅಂತ ವೈನಿ ನನ್ನ ಕೇಳಿದ್ರು, ಯಾಕಂದ್ರ ಮನ್ಯಾಗ ಮಿಕ್ಸರ್ ಬಿಚ್ಚಿ ತಿರುಗಿ ಕೂಡಸಾಕಿ ನಾ ಒಬ್ಬಾಕಿನೇ.

ಬೋಲ್ಟನ್ನನ ಸೈಕಲ್ಲಿನಿಂದ ಸುರು ಮಾಡೋಣು. ಅವನ ಬ್ಯಾಟರಿ ಬರೇ 10 ವೋಲ್ಟಿಂದು, ಮೋಟರಿಗೆ 100 ಆಂಪಿಯರ್ ತನಕ ಕರೆಂಟು ಹರೀತದ ಅಂತ ಬರದಾನ. ವೋಲ್ಟ್ ಅಂದ್ರ ನಳದ ನೀರಿನ ಜೋರು, ಆಂಪಿಯರ್ ಅಂದ್ರ ಹರಿಯೋ ನೀರು ಅಂತ ತಿಳ್ಕೊಳ್ರಿ. ಜೋರು ಕಡಿಮಿ ಇದ್ರ ಕೊಡ ತುಂಬಲಿಕ್ಕೆ ದೊಡ್ಡ ಪೈಪೇ ಬೇಕು. ಅದಕ್ಕ ಈಗಿನವರು 36 ಇಲ್ಲಾ 48 ವೋಲ್ಟಿನ ಬ್ಯಾಟರಿ ಇಡ್ತಾರ, ತೆಳ್ಳನ್ನ ವೈಯರ್ ಸಾಲ್ತದ. ಬೋಲ್ಟನ್ನನ ಮೋಟರಿಗೆ ಗೇರೂ ಇರಲಿಲ್ಲ, ಗಾಲಿ ತಿರಗಿದಷ್ಟೇ ಮೋಟರೂ ತಿರಗೋದು. ಬ್ಯಾಟರಿನ ಫ್ರೇಮಿನ ಮ್ಯಾಲಿನ ಪೈಪಿನ ಕೆಳಗ ತೂಗು ಹಾಕಿದ್ದ. ಅವನಕಿಂತ ಮೊದಲು, 1881ರಾಗೇ, ಪ್ಯಾರಿಸ್ಸಿನಾಗ ಗುಸ್ತಾವ್ ತ್ರೂವೆ ಅನ್ನಾಂವ ಮೂರು ಗಾಲಿ ಸೈಕಲ್ಲಿಗೆ ಮೋಟರ್ ಹಚ್ಚಿ ಓಣ್ಯಾಗ ಓಡಿಸಿದ್ದ. ಬುದ್ಧಿ ಎಲ್ಲಾರಿಗೂ ಇತ್ತು. ಅಡ್ಡ ಬಂದದ್ದು ಸೀಸ. ಆಗಿನ ಬ್ಯಾಟರಿ ಅಂದ್ರ ಸೀಸದ ಹಲಗಿ ಮತ್ತ ಆ್ಯಸಿಡ್, ಹತ್ತು ಕಿಲೋಕಿಂತ ಹೆಚ್ಚು ಹೊತ್ರೂ ಹೋಗೋ ದೂರ ಅಷ್ಟಕ್ಕಷ್ಟೇ. ಅಷ್ಟರಾಗ ಪೆಟ್ರೋಲ್ ಗಾಡಿ ಬಂತು, ಇದು ಮೂಲಿಗೆ ಬಿತ್ತು.

ಲಿಬ್ಬಿ ಹಾದಿ ಯಾಕ ಶಾಣ್ಯಾ ಹಾದಿ ಅನ್ನೋದು ತಿಳೀಬೇಕಂದ್ರ ಫ್ರಾನ್ಸಿನ ಒಬ್ಬ ಹೆಣ್ಮಗಳ ಕತಿ ಹೇಳಬೇಕು. ಹೆಸರು ಮಾರ್ಥ್ ಹೆಸ್. 1902ರಾಗ ಫ್ರಾನ್ಸಿನ ಟೂರಿಂಗ್ ಕ್ಲಬ್ಬಿನವರು ಗುಡ್ಡದ ಹಾದ್ಯಾಗ ಸೈಕಲ್ಲಿನ ಪರೀಕ್ಷೆ ಇಟ್ಟಿದ್ರು, ಸುಮಾರು 240 ಕಿಲೋಮೀಟರ್. ಒಂದು ಕಡೆ ಎದೂಆರ್ ಫಿಶರ್ ಅನ್ನೋ ಹೆಸರಾಂತ ಸವಾರ, ಅವನದು ಗೇರ್ ಇಲ್ಲದ ಸೈಕಲ್. ಇನ್ನೊಂದು ಕಡೆ ಈಕಿ, ಮೂರು ಗೇರಿನ ಗೋಲುವಾಜ್ ಸೈಕಲ್ ಮ್ಯಾಲೆ. ಈಕಿ ಇಡೀ ಹಾದಿ ನೆಲಕ್ಕ ಕಾಲು ಊರಲೇ ಇಲ್ಲ ಅಂತ ಆಗಿನವರು ಬರದಾರ. ಆದ್ರೂ ಗಂಡಸರು ಒಪ್ಪಲಿಲ್ಲ ನೋಡ್ರಿ. ಗೇರು ಅನ್ನೋದು ವಯಸ್ಸಾದವರಿಗೆ ಅಂತ ಟೂರ್ ದ ಫ್ರಾನ್ಸ್ ನಡಸೋ ಆಂರಿ ದೆಗ್ರಾಂಜ್ ಹಟ ಹಿಡದ, 1937ರ ತನಕ ಆ ರೇಸಿನಾಗ ಚೈನು ಒಂದು ಚಕ್ರದಿಂದ ಇನ್ನೊಂದಕ್ಕ ಹಾರಿಸೋ ಗೇರಿಗೆ ಪರವಾನಗಿ ಇರಲಿಲ್ಲ. ಮೂವತ್ತೈದು ವರ್ಷ!

ಮೋಟರಿನ ಸ್ವಭಾವಾನೂ ನಮ್ಮ ಕಾಲಿನ ಸ್ವಭಾವಾನೇ. ಒಂದು ಲಯದಾಗ ತಿರಗಿದ್ರ ಸುಖ. ಏರಿನ್ಯಾಗ ಗಾಲಿ ಮೆಲ್ಲಕ ಆದ್ರ, ಗಾಲ್ಯಾಗಿನ ಮೋಟರೂ ಮೆಲ್ಲಕ ಆಗಿ ತಿಣುಕ್ತದ, ಕರೆಂಟೆಲ್ಲಾ ಕಾವಾಗಿ ಹೋಗ್ತದ. ಮಿಕ್ಸರ್ ಜಾರಿಗೆ ಗಟ್ಟಿ ಹಿಟ್ಟು ಹಾಕಿದ್ರ ಸುಟ್ಟ ವಾಸನಿ ಬರ್ತದಲ್ಲ, ಅದೇ. ಪೆಡಲ್ ಹತ್ರದ ಮೋಟರು ಹಂಗಲ್ಲ. ಅದು ಚೈನು ಜಗ್ಗತದ, ಚೈನು ಹಿಂದಿನ ಗೇರಿನ ಚಕ್ರ ತಿರಗಸ್ತದ. ದಿನ್ನಿ ಬಂತೋ, ನೀವು ಗೇರ್ ಇಳಿಸಿದ್ರಿ, ನಿಮ್ಮ ಕಾಲಿಗೂ ಹಗೂರ, ಮೋಟರಿಗೂ ಹಗೂರ. ಮಾರ್ಥ್ ಹೆಸ್ಸಿಗೆ ಸಿಕ್ಕ ಸುಖ ಮೋಟರಿಗೂ ಸಿಗ್ತದ.

ಇಲ್ಲೇ ಒಂದು ಮಾತು ಅಂಗಡ್ಯಾಗ ಯಾರೂ ಹೇಳಂಗಿಲ್ಲ. ಸೈಕಲ್ಲಿಗೆ ಗೇರೇ ಇಲ್ಲಂದ್ರ ಮಿಡ್ ಡ್ರೈವಿಗೆ ಹೆಚ್ಚಿನ ರೊಕ್ಕ ಸುರಿಯೋದ್ರಾಗ ಹುರುಳಿಲ್ಲ. ವೈನಿಯ ಸ್ವಂತ ಸೈಕಲ್ಲು ಒಂದೇ ಚಕ್ರದ್ದು, ಅದರ ಮ್ಯಾಲೆ ಅವರ ಜೀವ. ಮಗಳು ಕಾಲೇಜಿಗೆ ಒಯ್ತಿದ್ದ ಸೈಕಲ್ಲಿಗೆ ಹಿಂದ ಆರು ಗೇರು ಅವ, ಅದು ಅಟ್ಟದ ಕೆಳಗ ಧೂಳು ತಿನ್ಲಿಕ್ಕೆ ಹತ್ಯದ. ಮಗಳದ್ದು ತಗೀರಿ ವೈನಿ ಅಂದೆ. ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಅರಬಿ ತಗೊಂಡು ತಾವೇ ಧೂಳು ಒರಸಿದ್ರು. ಸಪಾಟ ಊರಿನವರು, ಹುಬ್ಬಳ್ಳಿ ಅಕ್ಕಗೋಳು, ನೀವು ನಿಶ್ಚಿಂತಿಲೆ ಹಬ್ ಮೋಟರ್ ಹಾಕಿಸ್ಕೊಳ್ರಿ. ಸೋವಿ, ಚೈನೂ ಸವಿಯಂಗಿಲ್ಲ. ಮಿಡ್ ಡ್ರೈವ್ ಹಾಕಿದವರು ಚೈನು, ಹಿಂದಿನ ಫ್ರೀವೀಲು ಲಗೂ ಬದಲಿಸೋ ಖರ್ಚು ಲೆಕ್ಕದಾಗ ಹಿಡೀಬೇಕು.

ಇನ್ನ ಮೋಟರ್ ಕೂಡೋ ಜಾಗಾ. ಫ್ರೇಮಿನ ಬುಡಕ ಪೆಡಲ್ ಅಚ್ಚು ಹಾಯೋ ಒಂದು ಅಡ್ಡ ಕೊಳವಿ ಇರ್ತದ, ಅಂಗಡಿಯವರ ಬಾಯಾಗ ಬಿಬಿ. ಇವತ್ತಿನ ಕಿಟ್ಟಿನಾಗ ಹಳೇ ಅಚ್ಚು, ಕಪ್ಪು, ಗುಂಡು ಎಲ್ಲಾ ತಗದು ಆ ಕೊಳವ್ಯಾಗ ಮೋಟರಿನ ಅಚ್ಚು ತೂರಿಸಿ ಇನ್ನೊಂದು ಕಡೆಯಿಂದ ನಟ್ಟು ಬಿಗೀತಾರ. ಕೊಳವಿ ಅಗಲ 68ರಿಂದ 73 ಮಿಲಿಮೀಟರ್ ಇದ್ರ ಸಾಮಾನ್ಯ ಕಿಟ್ ಕೂಡ್ತದ. ತೂತಿಂದು ಒಂದು ಇತಿಹಾಸ ಅದ. ನಮ್ಮ ಕಾಲದ ಹುಡಿಗ್ಯಾರು ಬಿಎಸ್‌ಎ ಲೇಡಿಬರ್ಡ್ ಬೇಕು ಅಂತ ಅತ್ತವರಲ್ಲೇನು? ಆ ಬಿಎಸ್‌ಎ ಅಂದ್ರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಾಗ ಬಂದೂಕು ಮಾಡವರು ಕೂಡಿ ಕಟ್ಟಿದ ಕಂಪನಿ. ಅವರ ಗುರ್ತು ಮೂರು ಬಂದೂಕು ಒಂದಕ್ಕೊಂದು ಆನಿಸಿಟ್ಟದ್ದು. ಬಂದೂಕಿನ ಕೆಲಸ ಕಡಿಮ್ಯಾದಾಗ ಸೈಕಲ್ಲಿಗೆ ಇಳದ್ರು. ಅವರ ಬಿಡಿಭಾಗ ತಗೊಂಡು ಊರೂರಾಗ ಮಂದಿ ಸೈಕಲ್ ಕಟ್ಟಿದ್ರು, ಹಿಂಗಾಗಿ 1.37 ಇಂಚಿನ ಆ ತೂತು, ಇಂಚಿಗೆ 24 ಸುತ್ತಿನ ಆ ಮರಿ, ಇವತ್ತಿಗೂ ಬಿಎಸ್‌ಎ ಅಳತಿ ಅಂತನ ಹೆಸರು. ರ್ಯಾಲೇ ಕಂಪನಿಯವರು ನಮ್ಮದೇ ಬ್ಯಾರೆ ಅಂತ 26 ಸುತ್ತು ಇಟ್ಟಿದ್ರು, ದೊಡ್ಡ ಮನಿತನದ ಸೊಕ್ಕು. ನಮ್ಮ ದೇಶಕ್ಕ ಬಿಎಸ್‌ಎ ಹೆಸರಿನ ಸೈಕಲ್ ಕೊಟ್ಟದ್ದು ಟಿಐ ಸೈಕಲ್ಸ್ ಕಂಪನಿ, 1949ರಾಗ ಮದ್ರಾಸಿನ ಹತ್ರ ಅಂಬತ್ತೂರಿನಾಗ ಸುರು ಆದದ್ದು. ಚೀನಾದ ಮೋಟರು ಧಾರವಾಡದ ಸೈಕಲ್ಲಿಗೆ ಕೂಡೋದು ಆ ಹಳೇ ತೂತಿನ ಪುಣ್ಯಾ. ಆದ್ರೂ ಆರ್ಡರ್ ಹಾಕೋ ಮೊದಲು ಕಪ್ಪು ತಗಿಸಿ ಒಳಗ ಅಳಿಸಿಕೊಳ್ರಿ. ಬಿಎಸ್‌ಎ ಮರಿ ಇದ್ರ ಬಲಗಡೆ ಕಪ್ಪು ಉಲ್ಟಾ, ಎಡಕ್ಕಲ್ಲ ಬಲಕ್ಕ ತಿರಿವಿದ್ರ ಬಿಚ್ತದ. ಗೊತ್ತಿಲ್ಲದ ಹುಡುಗುರು ಸುತ್ತಿಗಿಲೆ ಬಡದು ಫ್ರೇಮ್ ಕೆಡಸ್ತಾರ.

ಲಿಬ್ಬಿಯ ಹಾದಿ ಮಂದಿ ಬಳಕಿಗೆ ಬಂದದ್ದು ಜಪಾನಿನಾಗ. 1993ರಾಗ ಯಮಾಹಾದವರು ಪಾಸ್ ಅನ್ನೋ ಸೈಕಲ್ ತಂದ್ರು. ಮೋಟರು ಪೆಡಲ್ ಹತ್ರ, ಮತ್ತ ಒಂದು ಸೆನ್ಸರು: ನೀವು ಎಷ್ಟು ಜೋರು ತುಳೀತೀರೋ ಅದನ್ನ ಅಳದು ಅದಕ್ಕ ತಕ್ಕಂಗ ಕೈ ಜೋಡಸ್ತದ. ತುಳದ್ರಷ್ಟೇ ನಡೀತದ ಅಂದಮ್ಯಾಲೆ ಅಲ್ಲಿ ಕಾಯದೆದಾಗ ಅದು ಸೈಕಲ್ಲೇ, ಲೈಸನ್ಸ್ ಬ್ಯಾಡ. ಇದನ್ನ ಕೈಗೆ ಹಿಡದವರು ಯಾರಂತೀರಿ, ಮಕ್ಕಳ ತಾಯಂದ್ರು. ಮುಂದೊಂದು ಕೂಸು, ಹಿಂದೊಂದು ಕೂಸು, ಬುಟ್ಟ್ಯಾಗ ಕಾಯಿಪಲ್ಲೆ. ಇಬ್ಬರು ಸಣ್ಣ ಮಕ್ಕಳನ್ನ ಕೂಡಿಸ್ಕೊಂಡು ಹೋಗೋದು ಅಲ್ಲೆ ಕಾಯದೆ ಪ್ರಕಾರ ತಪ್ಪಿತ್ತು. 2009ರಾಗ ಸರಕಾರ ಸೋತು, ಗಟ್ಟಿಮುಟ್ಟಾದ ಪರವಾನಗಿ ಸೈಕಲ್ ಇದ್ರ ಆಗ್ಲಿ ಅಂತ ಒಪ್ಪಿತು. ಇತಿಹಾಸದಾಗ ಬೋಲ್ಟನ್, ಲಿಬ್ಬಿ ಹೆಸರು ಬರ್ತಾವ, ಈ ತಾಯಂದ್ರ ಹೆಸರು ಒಂದೂ ಬರಂಗಿಲ್ಲ.

ಸೆನ್ಸರ್ ಆರಿಸೋದ್ರಾಗ ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ. ಮನ್ಯಾಗಿನ ಸೈಕಲ್ಲಿಗೆ ಹಚ್ಚೋ ಕಿಟ್ಟುಗಳಾಗ ಎರಡು ಹೆಸರು ಹೆಚ್ಚು ಕೇಳ್ತಾವ. ಬಫಾಂಗ್ ಕಂಪನಿಯ ಬಿಬಿಎಸ್ ಕಿಟ್ಟು ಪೆಡಲ್ ತಿರಗ್ತದೋ ಇಲ್ಲೋ ಅಷ್ಟೇ ನೋಡ್ತದ. ಟಾಂಗ್‌ಶೆಂಗ್ ಅವರ ಟಿಎಸ್‌ಡಿಝಡ್ 2 ತುಳಿಯೋ ಜೋರು ಅಳೀತದ, ಯಮಾಹಾದ ಹಂಗ. ಓದಿದವರೆಲ್ಲಾ ಜೋರು ಅಳಿಯೋದೇ ಛಲೋ, ಸಹಜ ಅನಸ್ತದ ಅಂತಾರ. ಖರೇ. ಆದ್ರ ಜೋರು ಹಾಕೋದೇ ಮೊಣಕಾಲಿಗೆ ಆಗಂಗಿಲ್ಲ ಅಂದಮ್ಯಾಲೆ? ವೈನಿ ವಯಸ್ಸಿನವರಿಗೆ ಪೆಡಲ್ ಸುಮ್ನ ತಿರಿವಿದ್ರೂ ಪೂರಾ ಸಹಾಯ ಕೊಡೋ ಬಫಾಂಗ್ ತರದ್ದೇ ಮೇಲು ಅನಸ್ತು. ಅದು ಕಾಲು ನಿಲ್ಲಿಸಿದ ಮ್ಯಾಲೂ ಒಂದು ಕ್ಷಣ ಜಗ್ಗತದ, ಅದಕ್ಕ ಬ್ರೇಕ್ ಹಿಡದ್ರ ಮೋಟರ್ ಬಂದಾಗೋ ಲಿವರ್ ಕಿಟ್ಟಿನ ಜೋಡಿನೇ ತಗೋಬೇಕು.

ಮೋಟರ್ ಎಷ್ಟು ದೊಡ್ಡದು? ಮಿಕ್ಸರ್ ಬುಡಕೇ 750 ವ್ಯಾಟ್ ಅಂತ ಬರದಿರ್ತದ, ಮನಷಾರನ್ನ ಹೊರಲಿಕ್ಕೆ 250 ಹ್ಯಾಂಗ ಸಾಲ್ತದ ಅಂತ ವೈನಿ ಕೇಳಿದ್ರು. ನಮ್ಮಂಥವರ ಕಾಲು ಒಂದು ತಾಸು ಬಿಡದ ತುಳದ್ರ 75 ಇಲ್ಲಾ 100 ವ್ಯಾಟ್ ಬಂದ್ರ ದೊಡ್ಡದು. 250 ಅಂದ್ರ ಇನ್ನಿಬ್ಬರು ಹಿಂದ ನಿಂತು ನೂಕಿದಂಗ. ನಮ್ಮ ದೇಶದ ಮೋಟಾರು ವಾಹನ ನಿಯಮದಾಗೂ ಗೆರಿ ಅಲ್ಲೇ ಅದ: 250 ವ್ಯಾಟಿನೊಳಗ, ತಾಸಿಗೆ 25 ಕಿಲೋಮೀಟರಿನೊಳಗ ಇದ್ರ ನೋಂದಣಿ, ಲೈಸನ್ಸ್ ಬೇಕಾಗಿಲ್ಲ. 750ರ ಕಿಟ್ ಹಾಕಿದ್ರ ಅದು ಸೈಕಲ್ ಅಲ್ಲ, ನಂಬರ್ ಇಲ್ಲದ ಗಾಡಿ. ಅಪಘಾತ ಆದ್ರ ಯಾರು ಉತ್ತರಾ ಕೊಡೋರು? ಬಾಣಾ ಬಿಟ್ಟಂಗ ಹೋಗ್ತದ ಮಾಮಿ ಅಂತ ಹುಡುಗುರು ಹೇಳ್ತಾರ, ಕೇಳಬ್ಯಾಡ್ರಿ.

ಬ್ಯಾಟರಿಗೆ ಬಂದ್ರ, ಸೀಸದ ಭಾರ ಇಳಿಸಿದ್ದು ಲಿಥಿಯಂ. ಸೋನಿ ಕಂಪನಿ ಅದನ್ನ ಪ್ಯಾಟಿಗೆ ತಂದದ್ದು 1991ರಾಗ, ಕಂಡುಹಿಡದ ಮೂವರಿಗೆ ನೊಬೆಲ್ ಸಿಕ್ಕದ್ದು 2019ರಾಗ. 36 ವೋಲ್ಟು, 10 ಆಂಪಿಯರ್-ಅವರ್ ಇದ್ರ ಗುಣಿಸಿ 360 ವ್ಯಾಟ್-ಅವರ್. ಏರು ಇಳಕಲಿನ್ಯಾಗ ಕಿಲೋಮೀಟರಿಗೆ 12 ಹಿಡದ್ರೂ ಮೂವತ್ತು ಕಿಲೋಮೀಟರ್ ಆತು. ವೈನಿಗೆ ಹೋಗಿ ಬರೋದು ಎಂಟು. ಇದಕ್ಕಿಂತ ದೊಡ್ಡದು ಬ್ಯಾಡ, ಎತ್ತಿ ಮನಿಯೊಳಗ ಒಯ್ಯೋದೂ ಅವರೇ ಅಲ್ಲ. ಬಿಎಂಎಸ್ ಅನ್ನೋ ಕಾವಲು ಹಲಗಿ ಒಳಗಿರೋ, ಗ್ಯಾರಂಟಿ ಚೀಟಿ ಕೊಡೋ ಬ್ಯಾಟರಿನೇ ತಗೋಬೇಕು. ಹಳೇ ಲ್ಯಾಪ್‌ಟಾಪಿನ ಸೆಲ್ಲು ಜೋಡಿಸಿ ಸೋವಿಲೆ ಮಾಡಿಕೊಡ್ತೀನಿ ಅನ್ನವರನ್ನ ಹೊಚ್ಚಲ ದಾಟಿಸಬ್ಯಾಡ್ರಿ, ಅದು ಬೆಂಕಿ ಮಾತು. ರಾತ್ರಿ ಮಲಗೋ ಖೋಲ್ಯಾಗ, ಗ್ಯಾಸಿನ ಬಾಜೂಕ ಚಾರ್ಜಿಗೆ ಇಡಬ್ಯಾಡ್ರಿ.

ಇದನ್ನ ಇಡೋದೆಲ್ಲೆ ಅನ್ನೋದು ಗಂಡಸರ ಸೈಕಲ್ಲಿಗೆ ಪ್ರಶ್ನಿನೇ ಅಲ್ಲ, ಬೋಲ್ಟನ್ ತೋರಿಸಿದಂಗ ಮ್ಯಾಲಿನ ಪೈಪಿನ ಕೆಳಗ. ಹೆಣ್ಮಕ್ಕಳ ಸೈಕಲ್ಲಿಗೆ ಆ ಪೈಪೇ ಇಲ್ಲ, ಉಡಗಿ ಅಡ್ಡ ಬರಬಾರದು ಅಂತ ಬಾಗಿಸಿ ಇಳಿಸಿರ್ತಾರ. ಹಿಂಗಾಗಿ ಕ್ಯಾರಿಯರಿನ ಕೆಳಗ ಕೂಡೋ ಚಪ್ಪಟಿ ಬ್ಯಾಟರಿ ಕೇಳ್ರಿ. ಕ್ಯಾರಿಯರ್ ಗಟ್ಟಿ ಇರಬೇಕು, ಅಂದಕ್ಕ ಇಟ್ಟದ್ದಲ್ಲ. ಮೋಟರ್ ಕೂತಮ್ಯಾಲೆ ಹಳೇ ಚೈನ್ ಕವರ್ ಕೂಡೋದು ಕಷ್ಟ, ಚೈನು ಬರಿಮೈಲೆ ಉಳೀತದ. ಸೀರಿ ಉಡವರು, ಓಢಣಿ ಹಾಕವರು ವೆಲ್ಡಿಂಗಿನವರ ಕಡೆ ಒಂದು ತಗಡಿನ ಅರ್ಧ ಕವರು, ಹಿಂದಿನ ಗಾಲಿಗೆ ಒಂದು ಜಾಳಗಿ ಮಾಡಿಸ್ಕೊಳ್ರಿ. ವೈನಿದು ನಾಳೆ ಶನಿವಾರ ವೆಲ್ಡಿಂಗಿಗೆ ಹೋಗೂದದ.